ನೀರು ಒಡೆಸುವುದು ಯಾವಾಗ ಸರಿ, ಯಾವಾಗ ಅವಸರ

ಹೆರಿಗೆ ಕೋಣೆಯ ಹೊರಗೆ ಬೆಂಚಿನಲ್ಲಿ ಕಾಯುವವರ ಬಾಯಲ್ಲಿ "ನೀರು" ಎಂಬ ಒಂದೇ ಮಾತಿಗೆ ಮೂರು ಅರ್ಥ. ಮನೆಯಲ್ಲೇ ತಾನಾಗಿ ಮಗುವಿನ ಸುತ್ತಲಿನ ನೀರಿನ ಚೀಲ ಒಡೆದು ಬಂದವಳಿಗೆ "ನೀರು ಹೋಗಿದೆ" ಎನ್ನುತ್ತಾರೆ, ತುಳುವಿನಲ್ಲಾದರೆ "ನೀರ್ ಪೋಂಡು". ಸ್ಕ್ಯಾನಿಂಗ್‌ನಲ್ಲಿ ಮಗುವಿನ ಸುತ್ತಲಿನ ನೀರಿನ ಅಳತೆ 5 ಸೆಂ.ಮೀ.ಗೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದರೆ ಅದು "ನೀರು ಕಡಿಮೆ". ವೈದ್ಯರೇ ಕೊಕ್ಕೆಯಿಂದ ಚೀಲ ಹರಿದಿದ್ದರೆ "ನೀರು ಒಡೆಸಿದರು". ಮೂರೂ ಬೇರೆ ಬೇರೆ ಸಂಗತಿ. ಮೊದಲನೆಯದು ತಾನಾಗಿ ಆಗುವಂಥದ್ದು, ಎರಡನೆಯದು ಒಂದು ಅಳತೆ, ಮೂರನೆಯದು ಒಬ್ಬರು ಯೋಚಿಸಿ ತೆಗೆದುಕೊಂಡ ತೀರ್ಮಾನ. "ನೀರು ಹೋಗಿತ್ತು, ಅದಕ್ಕೇ ಸಿಸೇರಿಯನ್ ಆಯಿತು" ಎಂದು ಮನೆಯವರು ಆಮೇಲೆ ಹೇಳುವಾಗ ಈ ಮೂರರಲ್ಲಿ ಯಾವುದು ನಡೆಯಿತೆಂಬುದು ಅವರಿಗೂ ಗೊತ್ತಿರುವುದಿಲ್ಲ. ತೀರ್ಮಾನವಾಗಿದ್ದದ್ದು ಹಣೆಬರಹವಾಗಿಬಿಡುತ್ತದೆ.

ಇದನ್ನು ಈಗ ಬಿಡಿಸಿ ಹೇಳಲು ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ. 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಸಿಸೇರಿಯನ್ ಪ್ರಮಾಣ ಹಿಂದಿನ ಸಮೀಕ್ಷೆಯಲ್ಲಿ ಶೇ. 23.6 ಇದ್ದದ್ದು ಇದರಲ್ಲಿ ಶೇ. 31.5ಕ್ಕೆ ಏರಿದೆ. ದೇಶದ ಸರಾಸರಿ ಶೇ. 21.5. ಮಂಗಳೂರು, ಉಡುಪಿ, ಮಣಿಪಾಲದ ಸುತ್ತ ಆಸ್ಪತ್ರೆಗಳಿಗೆ ಬರವಿಲ್ಲ. ಲೇಡಿಗೋಷನ್‌ನಂಥ ಸರಕಾರಿ ಆಸ್ಪತ್ರೆಗೆ ಪಕ್ಕದ ಜಿಲ್ಲೆಗಳಿಂದಲೂ ಕಾಸರಗೋಡಿನಿಂದಲೂ ಬಸುರಿಯರು ಬರುತ್ತಾರೆ. ಆಸ್ಪತ್ರೆಗೆ ತಲುಪುವುದು ಹೇಗೆ ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಬಹುಮಟ್ಟಿಗೆ ಉತ್ತರ ಸಿಕ್ಕಿದೆ. ತಲುಪಿದ ಮೇಲೆ ಯಾವುದನ್ನು ಯಾವಾಗ ಮಾಡಬೇಕು, ಯಾವುದನ್ನು ಮಾಡದೆ ಕಾಯಬೇಕು ಎಂಬುದು ಈಗಿನ ಪ್ರಶ್ನೆ. ನೀರು ಒಡೆಸುವುದು ಅದರ ನಡುಮಧ್ಯದಲ್ಲಿದೆ. ಏಕೆಂದರೆ ಗರ್ಭಕೋಶದ ಬಾಯಿ ಹದ ಮಾಡುವ ಜೆಲ್ ಇಟ್ಟು ನೋವು ಬರದಿದ್ದರೆ ನಾಳೆ ಮತ್ತೆ ನೋಡಬಹುದು, ಡ್ರಿಪ್ ಹಾಕಿದ್ದನ್ನು ನಿಲ್ಲಿಸಬಹುದು. ಒಡೆದ ಚೀಲವನ್ನು ಹೊಲಿಯಲು ಬರುವುದಿಲ್ಲ.

ಒಡೆಸಿದರೆ ನೋವು ಏಕೆ ಬರಬೇಕು? ದಿನ ತುಂಬಿದಾಗ ಚೀಲದಲ್ಲಿ ಸುಮಾರು 600ರಿಂದ 800 ಎಂಎಲ್ ನೀರಿರುತ್ತದೆ. ಮಗುವಿನ ತಲೆಗೂ ಗರ್ಭಕೋಶದ ಬಾಯಿಗೂ ನಡುವೆ ಆ ನೀರಿನ ಒಂದು ಸಣ್ಣ ಮೆತ್ತೆ ಇರುತ್ತದೆ. ಚೀಲ ಹರಿದೊಡನೆ ಮೆತ್ತೆ ಹೋಗಿ ತಲೆ ನೇರವಾಗಿ ಬಾಯಿಯ ಮೇಲೆ ಕೂರುತ್ತದೆ. ಆ ಒತ್ತಡಕ್ಕೆ ತಾಯಿಯ ಮೆದುಳಿನಿಂದ ನೋವು ಬರಿಸುವ ಹಾರ್ಮೋನ್ ಆಕ್ಸಿಟೋಸಿನ್ ಹೆಚ್ಚು ಇಳಿಯುತ್ತದೆ. ಹರಿದ ಪೊರೆಯಿಂದಲೂ ಬಾಯಿಯ ಅಂಗಾಂಶದಿಂದಲೂ ಪ್ರೊಸ್ಟಾಗ್ಲಾಂಡಿನ್ ಬಿಡುಗಡೆಯಾಗಿ ಬಾಯಿ ಇನ್ನಷ್ಟು ಮೆದುವಾಗುತ್ತದೆ. ಈ ಲೆಕ್ಕವೆಲ್ಲ ನಿಂತಿರುವುದು ಎರಡು ಷರತ್ತಿನ ಮೇಲೆ: ತಲೆ ಕೆಳಗಿಳಿದಿರಬೇಕು, ಬಾಯಿ ಹದವಾಗಿರಬೇಕು. ತಲೆ ಮೇಲೆಯೇ ತೇಲುತ್ತಿದ್ದರೆ ಒಡೆಸಿದ್ದರಿಂದ ಆಗುವುದು ನೀರು ಹರಿದುಹೋಗುವುದು ಮಾತ್ರ.

ವಿಧಾನ ಹೊಸದಲ್ಲ. ಇಂಗ್ಲೆಂಡಿನಲ್ಲಿ 18ನೇ ಶತಮಾನದಿಂದಲೇ ಹೀಗೆ ಹೆರಿಗೆ ಬರಿಸುತ್ತಿದ್ದರು. 1969ರಲ್ಲಿ ಡಬ್ಲಿನ್‌ನ ಕೀರನ್ ಓ'ಡ್ರಿಸ್ಕಾಲ್ ಹೆರಿಗೆಯನ್ನು ಬೇಗ ಮುಗಿಸುವ ಕ್ರಮವೊಂದನ್ನು ಮುಂದಿಟ್ಟಾಗ, ನೋವು ಶುರುವಾದವಳಿಗೆ ಬೇಗ ನೀರು ಒಡೆಸುವುದು ಅದರ ಭಾಗವಾಗಿತ್ತು. ಅಲ್ಲಿಂದ ಅದು ಜಗತ್ತಿನ ಅನೇಕ ಆಸ್ಪತ್ರೆಗಳ ಅಭ್ಯಾಸವಾಯಿತು. ಆದರೆ 2013ರ ಕೊಕ್ರೇನ್ ವಿಮರ್ಶೆ 15 ಅಧ್ಯಯನಗಳ 5,583 ಮಹಿಳೆಯರ ಮಾಹಿತಿ ಕೂಡಿಸಿ ನೋಡಿದಾಗ, ತಾನಾಗಿ ಶುರುವಾದ ಹೆರಿಗೆಯಲ್ಲಿ ಎಲ್ಲರಿಗೂ ಸುಮ್ಮನೆ ಒಡೆಸುವುದರಿಂದ ಬಾಯಿ ಪೂರ್ತಿ ತೆರೆಯುವವರೆಗಿನ ಮೊದಲ ಹಂತ ಚಿಕ್ಕದಾಗುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಹೆರಿಗೆ ಬರಿಸಲಿಕ್ಕಾಗಿ ನೀರು ಒಡೆಸುವುದೊಂದನ್ನೇ ನಂಬಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ಬ್ರಿಟನ್ನಿನ 2021ರ ಮಾರ್ಗಸೂಚಿಯೂ ಇದನ್ನು ಬಾಯಿ ಹದವಾದವರಿಗೆ, ಆಕ್ಸಿಟೋಸಿನ್ ಡ್ರಿಪ್‌ನ ಜೊತೆಗೆ ಎಂದು ಇಡುತ್ತದೆ. ಅಂದರೆ ವಿಧಾನವೇ ತಪ್ಪಲ್ಲ. ಎಲ್ಲರಿಗೂ ಮಾಡುವ ರೂಢಿ ತಪ್ಪು.

ಹದ ಎಂದರೇನೆಂದು ಕಣ್ಣಂದಾಜಿನಲ್ಲಿ ಹೇಳುವಂತಿಲ್ಲ, ಅದಕ್ಕೆ ಅಂಕವಿದೆ. 1964ರಲ್ಲಿ ಎಡ್ವರ್ಡ್ ಬಿಷಪ್ ಕೊಟ್ಟ ಅಂಕಪದ್ಧತಿಯಲ್ಲಿ ಐದು ವಿಷಯ ನೋಡುತ್ತಾರೆ: ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆದುವಾಗಿದೆ, ಹಿಂದಕ್ಕಿದೆಯೋ ಮುಂದಕ್ಕೆ ಬಂದಿದೆಯೋ, ತಲೆ ಎಷ್ಟು ಇಳಿದಿದೆ. ಒಟ್ಟು 13 ಅಂಕ. ಮೆದು ಎಂಬುದನ್ನು ಕಲಿಸುವಾಗ ಮೂಗಿನ ತುದಿ ಮುಟ್ಟಿ ನೋಡಿ, ಆಮೇಲೆ ತುಟಿ ಮುಟ್ಟಿ ನೋಡಿ ಎನ್ನುತ್ತಾರೆ. ಮೂಗಿನ ತುದಿಯಂತಿದ್ದರೆ ಗಟ್ಟಿ, ಸೊನ್ನೆ ಅಂಕ. ತುಟಿಯಂತಿದ್ದರೆ ಮೆದು, ಎರಡು ಅಂಕ.

ಪಕ್ಕಪಕ್ಕದ ಮಂಚದಲ್ಲಿ ಇಬ್ಬರು ಬಸುರಿಯರಿದ್ದಾರೆಂದುಕೊಳ್ಳಿ. ಇಬ್ಬರಿಗೂ 41 ವಾರ. ಒಬ್ಬಳ ಬಾಯಿ 3 ಸೆಂ.ಮೀ. ತೆರೆದಿದೆ (2), ಮುಕ್ಕಾಲು ಪಾಲಿಗೆ ತುಸು ಕಡಿಮೆ ತೆಳುವಾಗಿದೆ (2), ಮೆದುವಾಗಿದೆ (2), ನಡುವಿಗೆ ಬಂದಿದೆ (1), ತಲೆ ಸೊಂಟದೆಲುಬಿನ ನಡುಗೆರೆಗೆ ಒಂದು ಸೆಂ.ಮೀ. ಮೇಲಿದೆ (2). ಒಟ್ಟು 9. ಇವಳಿಗೆ ನೀರು ಒಡೆಸಿದರೆ ಹೆರಿಗೆ ದಾರಿ ಹಿಡಿಯುವ ಸಂಭವ ಚೆನ್ನಾಗಿದೆ. ಇನ್ನೊಬ್ಬಳ ಬಾಯಿ 1 ಸೆಂ.ಮೀ. (1), ಸ್ವಲ್ಪವೇ ತೆಳು (1), ಗಟ್ಟಿ (0), ಹಿಂದಕ್ಕೆ (0), ತಲೆ ಮೇಲೆಯೇ (0). ಒಟ್ಟು 2. ಇವಳಿಗೆ ಮೊದಲು ಬಾಯಿ ಹದ ಮಾಡಬೇಕು. ಅದಕ್ಕೆ 0.5 ಮಿ.ಗ್ರಾಂ. ಡೈನೋಪ್ರೊಸ್ಟೋನ್ ಜೆಲ್ ಇದೆ. ಇದನ್ನು ಫ್ರಿಜ್‌ನಲ್ಲೇ ಇಡಬೇಕು, ಮರುಡೋಸಿಗೆ 6 ಗಂಟೆ ಅಂತರ ಬೇಕು. 25 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಎರಡು ಗಂಟೆಗೊಮ್ಮೆ ನುಂಗಲು ಕೊಡಬಹುದು. ಅಥವಾ ತುದಿಯಲ್ಲಿ ಬಲೂನಿರುವ ಫೋಲಿ ಕ್ಯಾತಿಟರ್ ಕೊಳವೆಯನ್ನು ಗರ್ಭಕೋಶದ ಬಾಯಿ ದಾಟಿಸಿ, ಬಲೂನಿಗೆ 30ರಿಂದ 60 ಎಂಎಲ್ ಸಲೈನ್ ತುಂಬಿಸಬಹುದು. ಹಿಂದೆ ಸಿಸೇರಿಯನ್ ಆದವಳಿಗೆ ಮಿಸೊಪ್ರೊಸ್ಟಾಲ್ ಕೊಡಬಾರದು, ಹಳೆಯ ಹೊಲಿಗೆ ಬಿರಿಯುವ ಅಪಾಯವಿದೆ. ಅಂಥವಳಿಗೆ ಬಲೂನ್ ಮೇಲು. ಇದಕ್ಕೆಲ್ಲ ಒಂದು ದಿನ, ಕೆಲವೊಮ್ಮೆ ಎರಡು ದಿನ ಬೇಕು. ಆ ತಾಳ್ಮೆ ಇಲ್ಲದೆ ಎರಡು ಅಂಕದವಳಿಗೆ ನೀರು ಒಡೆಸಿದರೆ, ಸಂಜೆಗೆ "ನೋವು ಬರಲಿಲ್ಲ" ಎಂಬ ಮಾತು ಬೆಳಿಗ್ಗೆಯೇ ನಿಶ್ಚಯವಾದಂತೆ.

ಹೆರಿಗೆ ಬರಿಸಬೇಕಾದ ಕಾರಣವೂ ಗಟ್ಟಿಯಿರಬೇಕು. 41 ವಾರ ದಾಟಿರುವುದು, ಬಿ.ಪಿ. ಏರಿರುವುದು, ಸಕ್ಕರೆ ಕಾಯಿಲೆ, ಮಗುವಿನ ಬೆಳವಣಿಗೆ ಕುಂಠಿತವಾಗಿರುವುದು, ಬಸುರಿನಲ್ಲಿ ಮೈ ತುರಿಕೆ ತರುವ ಪಿತ್ತಜನಕಾಂಗದ ತೊಂದರೆ, ತಾನಾಗಿ ನೀರು ಹೋಗಿ ನೋವು ಬಾರದಿರುವುದು, ಇವು ಕಾರಣಗಳು. "ಡೇಟ್ ಆಯಿತು" ಎಂಬುದಷ್ಟೇ ಕಾರಣವಲ್ಲ. ತಾಯಿ ಕಾರ್ಡಿನಲ್ಲಿ ಬರೆದ ದಿನಾಂಕ ಕೊನೆಯ ಮುಟ್ಟಿನಿಂದ 280 ದಿನ ಎಣಿಸಿದ್ದು. ಸರಿಯಾಗಿ ಆ ದಿನವೇ ಹೆರುವವರು ಇಪ್ಪತ್ತರಲ್ಲಿ ಒಬ್ಬರು. ಮೊದಲ ಮೂರು ತಿಂಗಳ ಸ್ಕ್ಯಾನಿಂಗ್ ಇದ್ದರೆ ವಾರದ ಲೆಕ್ಕವನ್ನು ಅದರೊಡನೆ ತಾಳೆ ನೋಡಲೇಬೇಕು. ಎಂಟನೇ ತಿಂಗಳ ಸ್ಕ್ಯಾನಿಂಗ್ ನೋಡಿ ದಿನಾಂಕ ಹಿಂದೆ ಮುಂದೆ ಮಾಡುವುದು ಸರಿಯಲ್ಲ. 2018ರಲ್ಲಿ ಅಮೆರಿಕದಲ್ಲಿ ಚೊಚ್ಚಲ ಬಸುರಿಯರಾದ 6,106 ಮಂದಿಯ ಮೇಲೆ ನಡೆದ ಅಧ್ಯಯನವೊಂದರಲ್ಲಿ, 39ನೇ ವಾರದಲ್ಲಿ ಹೆರಿಗೆ ಬರಿಸಿದವರಲ್ಲಿ ಸಿಸೇರಿಯನ್ ಶೇ. 18.6 ಆಯಿತು, ಕಾದವರಲ್ಲಿ ಶೇ. 22.2. ಇದನ್ನು ಹಿಡಿದುಕೊಂಡು ಬೇಗ ಬರಿಸಿದಷ್ಟೂ ಒಳ್ಳೆಯದೆನ್ನುವವರಿದ್ದಾರೆ. ಆದರೆ ಅಲ್ಲಿ ದಿನಾಂಕ ಖಚಿತವಿತ್ತು, ಹೆರಿಗೆ ಬರಿಸಿದವರಿಗೆ ಸಾಕಷ್ಟು ಹೊತ್ತು ಕೊಡಲಾಗಿತ್ತು. ಆ ಎರಡನ್ನೂ ಬಿಟ್ಟು ಫಲಿತಾಂಶವನ್ನು ಮಾತ್ರ ಇಲ್ಲಿಗೆ ತರಲಾಗದು.

ನಕ್ಷತ್ರದ ಮಾತೂ ಇಲ್ಲೇ ಬರುತ್ತದೆ. ಮೂಲಾ ಬೇಡ, ಅಮಾವಾಸ್ಯೆ ದಾಟಲಿ, ನಾಳೆ ಹತ್ತು ಗಂಟೆಯೊಳಗೆ ಆಗಲಿ ಎಂದು ಮನೆಯ ಹಿರಿಯರು ಕೇಳುತ್ತಾರೆ. ಅವರ ಪ್ರೀತಿ ಅರ್ಥವಾಗುತ್ತದೆ. ಆದರೆ ನೀರು ಒಡೆಸಿ ಹೊತ್ತು ನಿಶ್ಚಯಿಸಲು ಬರುವುದೇ ಇಲ್ಲ. ಬೆಳಿಗ್ಗೆ 8ಕ್ಕೆ ಒಡೆಸಿದವಳಿಗೆ ಮಧ್ಯಾಹ್ನವೂ ಆಗಬಹುದು, ನಡುರಾತ್ರಿಯೂ ಆಗಬಹುದು. ಮುಹೂರ್ತಕ್ಕೆ ತಪ್ಪದಂತೆ ಆಗಬೇಕೆಂದರೆ ಉಳಿಯುವ ದಾರಿ ಚಾಕು ಒಂದೇ.

ಇನ್ನು ಮಾಡುವ ಕ್ರಮ. ಮೊದಲು ಸ್ಕ್ಯಾನಿಂಗ್ ರಿಪೋರ್ಟ್ ತೆರೆದು ಮಾಸು ಕೆಳಗಿಲ್ಲವೆಂದು ನೋಡಿಕೊಳ್ಳಬೇಕು. ಮಾಸು ಕೆಳಗಿದ್ದರೆ, ಮಗು ಅಡ್ಡಲಾಗಿದ್ದರೆ, ಜನನಾಂಗದಲ್ಲಿ ಹರ್ಪಿಸ್ ಹುಣ್ಣಿದ್ದರೆ ಒಡೆಸುವಂತಿಲ್ಲ. ಎಚ್‌ಐವಿ ಇದ್ದವರಲ್ಲಿ ಚೀಲವನ್ನು ಆದಷ್ಟು ಹೊತ್ತು ಹಾಗೆಯೇ ಉಳಿಸಬೇಕು. ಸುಮಾರು 20 ನಿಮಿಷ ಎನ್‌ಎಸ್‌ಟಿ ಹಾಕಿ ಮಗುವಿನ ಎದೆಬಡಿತ ಸರಿಯಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ತಾಯಿ ಮೂತ್ರ ಮಾಡಿ ಬರಬೇಕು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ತಲೆ ಎಷ್ಟು ಸಿಗುತ್ತದೆಂದು ನೋಡುವುದು. ಇದನ್ನು ಬಿಟ್ಟು ನೇರವಾಗಿ ಒಳಪರೀಕ್ಷೆಗೆ ಹೋಗುವುದು ದೊಡ್ಡ ತಪ್ಪು. ತಲೆ ಮೇಲಿದೆಯೆಂದು ಹೊಟ್ಟೆ ಹೇಳುವಷ್ಟು ಸ್ಪಷ್ಟವಾಗಿ ಒಳಗಿನ ಬೆರಳು ಹೇಳುವುದಿಲ್ಲ.

ಶುದ್ಧ ಕೈಗವಸು ಹಾಕಿ ಎರಡು ಬೆರಳನ್ನು ಬಾಯಿಯೊಳಗೆ ತಂದು ಪೊರೆಯನ್ನು ಮುಟ್ಟಬೇಕು. ಅಲ್ಲಿ ಬೆರಳಿಗೆ ಮಿಡಿತ ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಬೇಕು. ಅದು ಹೊಕ್ಕುಳಬಳ್ಳಿ ಇರಬಹುದು, ಇಲ್ಲವೇ ಪೊರೆಯ ಮೇಲೆ ಹರಿಯುವ ಮಗುವಿನ ರಕ್ತನಾಳ. ಒಡೆಸಲು ಬಳಸುವುದು ಸುಮಾರು 25 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಕೊಕ್ಕೆ. ಕ್ರೋಶಾ ಕಡ್ಡಿಯಂತೆಯೇ, ತುದಿಯ ಒಳಬದಿಗೆ ಚೂಪಾದ ಒಂದು ಹಲ್ಲು. ಅದಿಲ್ಲದ ಕಡೆ ಹಲ್ಲಿರುವ ಕೋಕರ್ ಇಕ್ಕಳ. ಬೆರಳುಗಳ ನಡುವೆ ತುದಿಯನ್ನು ಮರೆಮಾಡಿಕೊಂಡೇ ಒಳಗೆ ನಡೆಸುತ್ತಾರೆ, ಇಲ್ಲದಿದ್ದರೆ ದಾರಿಯಲ್ಲಿ ತಾಯಿಗೆ ತರಚುತ್ತದೆ. ಪೊರೆಗೆ ಸಿಕ್ಕಿಸಿ ಮೆಲ್ಲಗೆ ಎಳೆದರೆ ಸಾಕು. ಪೊರೆಗೆ ನರವಿಲ್ಲ, ಆದ್ದರಿಂದ ಹರಿಯುವುದಕ್ಕೆ ನೋವಿಲ್ಲ. ನೋಯುವುದು ಬೆರಳು ತಲುಪುವ ತನಕದ ಒಳಪರೀಕ್ಷೆ, ಬಾಯಿ ಹಿಂದಕ್ಕಿದ್ದಷ್ಟೂ ಹೆಚ್ಚು. ಬೆಚ್ಚಗಿನ ನೀರು ಒಮ್ಮೆಲೇ ನುಗ್ಗದಂತೆ ಬೆರಳನ್ನು ಅಲ್ಲೇ ಇಟ್ಟು ನಿಧಾನವಾಗಿ ಹೊರಬಿಡಬೇಕು. ನೀರು ಹರಿದು ತಲೆ ಕೆಳಗೆ ಕೂರುವವರೆಗೂ ಬೆರಳು ತೆಗೆಯಬಾರದು. ಬಳ್ಳಿ ಜಾರಿ ಬಂತೇ ಎಂದು ತಿಳಿಯುವುದು ಆ ಬೆರಳಿಗೇ. ಕೂಡಲೇ ಎದೆಬಡಿತ ಕೇಳಬೇಕು, ಒಂದು ನೋವಿನ ಹೊತ್ತಿನಲ್ಲಿ ಮತ್ತು ಅದು ಇಳಿದ ಮೇಲೆ. ನಿಮಿಷಕ್ಕೆ 110ರಿಂದ 160 ಇರಬೇಕು. ಒಡೆಸಿದ ಗಂಟೆ, ನಿಮಿಷ, ನೀರಿನ ಬಣ್ಣ ಕೇಸ್ ಶೀಟಿಗೆ ಆಗಲೇ ಹತ್ತಬೇಕು.

ನೀರು ತಿಳಿಯಾಗಿ, ಸ್ವಲ್ಪ ಬಿಳಿ ಚೂರುಗಳೊಡನೆ ಬಂದರೆ ಸರಿ. ತೆಳು ಹಸಿರಿದ್ದರೆ ಮಗು ಒಳಗೇ ಮಲ ಮಾಡಿದೆ. ದಿನ ದಾಟಿದವರಲ್ಲಿ ಇದು ಅಪರೂಪವಲ್ಲ, ಎದೆಬಡಿತ ಸರಿಯಿದ್ದರೆ ಹೆಚ್ಚಿನ ಗಮನವಿಟ್ಟು ಮುಂದುವರಿಸಬಹುದು. ಗಟ್ಟಿ ಹಸಿರಾಗಿದ್ದರೆ ಮಗುವಿಗೆ ಕಷ್ಟವಾಗಿರಬಹುದು. ಹಸಿರು ಕಂಡದ್ದಕ್ಕೇ ಹೆದರಿಸಿ ಸಿಸೇರಿಯನ್‌ಗೆ ಒಪ್ಪಿಸುವುದೂ ಸರಿಯಲ್ಲ, "ಏನೂ ಆಗುವುದಿಲ್ಲ" ಎಂದು ಎನ್‌ಎಸ್‌ಟಿ ಹಾಕದೆ ಬಿಡುವುದೂ ಸರಿಯಲ್ಲ. ರಕ್ತವೇ ಬಂದು ಜೊತೆಗೆ ಎದೆಬಡಿತ ಕುಸಿದರೆ ನಿಮಿಷಗಳ ಲೆಕ್ಕ, ಮಗುವಿನ ರಕ್ತವೇ ಹೋಗುತ್ತಿರಬಹುದು.

ನೀರು ಪೂರ್ತಿ ಹೋಗಿ ಮಗು ಒಣಗುತ್ತದೆಂಬ ಭಯ ಅಜ್ಜಿಯರಲ್ಲಿ ಈಗಲೂ ಇದೆ. ಮಗು ಮೂತ್ರ ಮಾಡುತ್ತಲೇ ಇರುತ್ತದೆ, ಆದ್ದರಿಂದ ನೀರು ಹುಟ್ಟುತ್ತಲೇ ಇರುತ್ತದೆ, ಹೆರಿಗೆಯವರೆಗೂ ಸೋರುತ್ತಿರುತ್ತದೆ. ಒಣಗುವ ಮಾತಿಲ್ಲ. ಮೆತ್ತೆ ತೆಳುವಾದ್ದರಿಂದ ನೋವಿನ ಹೊತ್ತಿನಲ್ಲಿ ಬಳ್ಳಿ ಅದುಮಿ ಎದೆಬಡಿತ ಆಗಾಗ ಇಳಿಯಬಹುದೆಂಬುದು ಮಾತ್ರ ನಿಜ.

ಒಡೆಸಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಸುಮಾರು ಒಂದು ಗಂಟೆಯೊಳಗೆ ಒಳ್ಳೆಯ ನೋವು ಹಿಡಿಯದಿದ್ದರೆ ಆಕ್ಸಿಟೋಸಿನ್ ಡ್ರಿಪ್ ಶುರು ಮಾಡುತ್ತಾರೆ. ಜೆಲ್ ಇಟ್ಟಿದ್ದರೆ ಅದಕ್ಕೂ ಡ್ರಿಪ್‌ಗೂ ನಡುವೆ 6 ಗಂಟೆ, ಮಿಸೊಪ್ರೊಸ್ಟಾಲ್ ನುಂಗಲು ಕೊಟ್ಟಿದ್ದರೆ 4 ಗಂಟೆ ಅಂತರ ಬೇಕೇ ಬೇಕು. 500 ಎಂಎಲ್ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ದ್ರಾವಣ) ಬಾಟಲಿಗೆ 5 ಯೂನಿಟ್ ಆಕ್ಸಿಟೋಸಿನ್ ಬೆರೆಸಿದರೆ ಒಂದು ಎಂಎಲ್‌ನಲ್ಲಿ 10 ಮಿಲಿಯೂನಿಟ್. 20 ಹನಿಗೆ ಒಂದು ಎಂಎಲ್ ಬೀಳುವ ಸೆಟ್ ಆದರೆ ಹನಿಗೆ ಅರ್ಧ ಮಿಲಿಯೂನಿಟ್. ನಿಮಿಷಕ್ಕೆ 4 ಹನಿ, ಅಂದರೆ 2 ಮಿಲಿಯೂನಿಟ್‌ನಿಂದ ಆರಂಭಿಸಿ ಅರ್ಧ ಗಂಟೆಗೊಮ್ಮೆ 4 ಹನಿ ಏರಿಸುತ್ತ ಹೋದರೆ 40 ಹನಿ ಮುಟ್ಟಲು ನಾಲ್ಕೂವರೆ ಗಂಟೆ ಹಿಡಿಯುತ್ತದೆ. 10 ನಿಮಿಷಕ್ಕೆ 3ರಿಂದ 4 ನೋವು ಬಂದರೆ ಅಲ್ಲಿಗೇ ನಿಲ್ಲಬೇಕು, ಮತ್ತೆ ಏರಿಸಬಾರದು. 10 ನಿಮಿಷಕ್ಕೆ ಐದಕ್ಕಿಂತ ಹೆಚ್ಚಾಗಿ, ನೋವು ನೋವಿಗೆ ಅಂಟಿಕೊಂಡು ಬಂದರೆ ಮಗುವಿಗೆ ಉಸಿರಿಗೆ ಬಿಡುವೇ ಸಿಗದು. ಆಗ ಎಡ ಮಗ್ಗುಲಿಗೆ ಮಲಗಿಸಿ ಡ್ರಿಪ್ ಕಡಿಮೆ ಮಾಡಬೇಕು, ಎದೆಬಡಿತ ಇಳಿದಿದ್ದರೆ ಪೂರ್ತಿ ನಿಲ್ಲಿಸಬೇಕು. ಆಕ್ಸಿಟೋಸಿನ್ ರಕ್ತದಲ್ಲಿ ಕೆಲವೇ ನಿಮಿಷದಲ್ಲಿ ಅರ್ಧಕ್ಕೆ ಇಳಿಯುವುದರಿಂದ ನಿಲ್ಲಿಸಿದ್ದು ಬೇಗ ಫಲ ಕೊಡುತ್ತದೆ. ಇದೇ ಕಾರಣಕ್ಕೆ, ಮಗು ಹುಟ್ಟುವ ಮೊದಲು ಸೊಂಟಕ್ಕೆ ಆಕ್ಸಿಟೋಸಿನ್ ಚುಚ್ಚುವುದು ಎಲ್ಲಿ ನಡೆದರೂ ಅಪರಾಧಕ್ಕೆ ಸಮ. ಚುಚ್ಚಿದ್ದನ್ನು ಹಿಂದೆ ತೆಗೆಯಲಾಗದು.

ಕೆಡುವುದರಲ್ಲಿ ಮೊದಲನೆಯದು ಬಳ್ಳಿ ಜಾರುವುದು. ತಲೆ ಬಾಯಿಯ ಮೇಲೆ ಬಿಗಿಯಾಗಿ ಕೂತಿರದಿದ್ದರೆ, ನುಗ್ಗುವ ನೀರಿನ ಜೊತೆಗೆ ಬಳ್ಳಿ ಕೆಳಗೆ ಬಂದು ತಲೆಗೂ ಎಲುಬಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಒಟ್ಟು ಹೆರಿಗೆಗಳಲ್ಲಿ ಇದು ಸಾವಿರಕ್ಕೆ ಒಂದರಿಂದ ಆರು. ಆದಾಗ ಪರೀಕ್ಷೆ ಮಾಡುತ್ತಿದ್ದ ಕೈ ಹೊರಬರಬಾರದು. ಆ ಬೆರಳುಗಳಿಂದಲೇ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿದು, ತಾಯಿಯನ್ನು ಮಂಡಿಯೂರಿ ಎದೆ ಹಾಸಿಗೆಗೆ ತಾಗುವಂತೆ ಮಲಗಿಸಿ, ಹಾಗೆಯೇ ಆಪರೇಷನ್ ಥಿಯೇಟರಿಗೆ ಸಾಗಿಸಬೇಕು. ಕೈ ಹಿಡಿದವರು ಸ್ಟ್ರೆಚರ್ ಜೊತೆಗೇ ಹೋಗಬೇಕು. ತಡವಾಗುವಂತಿದ್ದರೆ ಕ್ಯಾತಿಟರ್ ಹಾಕಿ ಮೂತ್ರಕೋಶಕ್ಕೆ 500ರಿಂದ 750 ಎಂಎಲ್ ಸಲೈನ್ ತುಂಬಿಸಿದರೆ ಅದೇ ತಲೆಯನ್ನು ಎತ್ತಿ ಹಿಡಿಯುತ್ತದೆ, ಹೊಟ್ಟೆ ತೆರೆಯುವ ಮೊದಲು ಖಾಲಿ ಮಾಡಲು ಮರೆಯಬಾರದು. ಬಳ್ಳಿಯನ್ನು ಪದೇ ಪದೇ ಮುಟ್ಟಿದರೆ, ಒಳಗೆ ತುರುಕಲು ಹೋದರೆ ಅದರ ರಕ್ತನಾಳ ಬಿಗಿದುಕೊಳ್ಳುತ್ತದೆ. ಥಿಯೇಟರ್, ಅರಿವಳಿಕೆ ವೈದ್ಯರು ಕೈಗೆಟಕದ ಜಾಗದಲ್ಲಿ ಹೆರಿಗೆ ಬರಿಸಲು ನೀರು ಒಡೆಸಬಾರದೆಂಬುದು ಇದಕ್ಕೇ. ಮಳೆಗಾಲದಲ್ಲಿ ಚಾರ್ಮಾಡಿ, ಆಗುಂಬೆ ಘಾಟಿ ಇಳಿದು ಬರುವವರಿಗೂ, ಬೈಂದೂರಿನಿಂದ ಹೆದ್ದಾರಿ 66ರಲ್ಲಿ ಉಡುಪಿಯ ದಾರಿ ಹಿಡಿಯುವವರಿಗೂ ಆಂಬುಲೆನ್ಸ್ ಎಷ್ಟೇ ವೇಗವಾಗಿ ಬಂದರೂ ಬಳ್ಳಿ ಅದುಮಿದ ಮಗು ಅಷ್ಟು ಹೊತ್ತು ಕಾಯುವುದಿಲ್ಲ.

ನೀರು ಜಾಸ್ತಿ ಇದ್ದ ಹೊಟ್ಟೆ ಬೇರೆಯೇ ಕಥೆ. ಅಲ್ಲಿ ಒಮ್ಮೆಲೇ ನೀರು ಇಳಿದರೆ ಗರ್ಭಕೋಶ ಕುಗ್ಗಿ ಮಾಸು ಬಿಟ್ಟುಕೊಳ್ಳಬಹುದು. ಸೂಜಿಯಿಂದ ಸಣ್ಣ ತೂತು ಮಾಡಿ ತೊಟ್ಟು ತೊಟ್ಟಾಗಿ ಬಿಡುತ್ತಾರೆ.

ಸೋಂಕು ನಿಧಾನವಾಗಿ ಬರುತ್ತದೆ, ಆದರೆ ಅದಕ್ಕೆ ದಾರಿ ಮಾಡಿಕೊಡುವುದು ಹೆಚ್ಚಾಗಿ ನಮ್ಮ ಬೆರಳುಗಳೇ. ಚೀಲ ಒಡೆದ ಮೇಲೆ ಗಂಟೆಗೊಮ್ಮೆ ಒಬ್ಬರಾದ ಮೇಲೆ ಒಬ್ಬರು ಒಳಪರೀಕ್ಷೆ ಮಾಡಿದಷ್ಟೂ ಅಪಾಯ ಹೆಚ್ಚು. ಮಾಮೂಲಿ ಹೆರಿಗೆಯಲ್ಲಿ 4 ಗಂಟೆಗೊಮ್ಮೆ ಸಾಕು. ಕಲಿಯುವವರಿರುವ ಆಸ್ಪತ್ರೆಗಳಲ್ಲಿ ಈ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡಬೇಕು. ಜ್ವರ 38 ಡಿಗ್ರಿ ಮುಟ್ಟಿದರೆ, ನೀರು ವಾಸನೆ ಬಂದರೆ, ಒಡೆದು 18 ಗಂಟೆ ಮೀರಿದರೆ ಆ್ಯಂಟಿಬಯಾಟಿಕ್ ಕೊಡುವುದು ರೂಢಿ.

ಇನ್ನು "ನೋವು ಬರಲಿಲ್ಲ" ಎಂಬ ತೀರ್ಪು. ನೀರು ಒಡೆಸಿ, ಡ್ರಿಪ್ ಹಾಕಿ, ಆಮೇಲೂ ಕನಿಷ್ಠ 12ರಿಂದ 18 ಗಂಟೆ ಕಾದು ನೋಡಿದ ಬಳಿಕವೇ, ತಾಯಿ ಮಗು ಚೆನ್ನಾಗಿರುವಷ್ಟು ಕಾಲ, ಹೆರಿಗೆ ಬರಿಸುವ ಪ್ರಯತ್ನ ಸೋತಿತು ಎನ್ನಬೇಕೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳುತ್ತದೆ. ಹೆರಿಗೆಯ ಚುರುಕಿನ ಹಂತವೂ 5 ಸೆಂ.ಮೀ.ನಿಂದ ಶುರುವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ತಿದ್ದಿದೆ, ಮೊದಲು 4 ಎನ್ನುತ್ತಿದ್ದರು. ಬೆಳಿಗ್ಗೆ ಒಡೆಸಿ, ಮಧ್ಯಾಹ್ನಕ್ಕೆ 3 ಸೆಂ.ಮೀ. ನೋಡಿ, ಸಂಜೆಗೆ ಥಿಯೇಟರ್ ಸಿದ್ಧ ಮಾಡಿದರೆ ಸೋತದ್ದು ತಾಯಿಯ ದೇಹವಲ್ಲ, ಕೊಟ್ಟ ಸಮಯ. ಮೊದಲ ಸಿಸೇರಿಯನ್ ಮುಂದಿನ ಹೆರಿಗೆಯ ದಾರಿಯನ್ನೂ ಬದಲಿಸುವುದರಿಂದ ಈ ಗಂಟೆಗಳಿಗೆ ಬೆಲೆಯಿದೆ.

ಹೇಳದೆ ಒಡೆಸುವುದು ಇನ್ನೂ ನಿಂತಿಲ್ಲ. "ಒಮ್ಮೆ ನೋಡುತ್ತೇನೆ" ಎಂದು ಒಳಪರೀಕ್ಷೆಗೆ ಹೋಗಿ ಹಾಗೆಯೇ ಕೊಕ್ಕೆ ಹಾಕುವುದು, ಬೆರಳಾಡಿಸಿ ಪೊರೆ ಬಿಡಿಸುವುದು ಅನುಮತಿಯಿಲ್ಲದೆ ಮಾಡಿದಂತೆಯೇ. 2017ರಲ್ಲಿ ಆರಂಭವಾದ ಕೇಂದ್ರದ ಲಕ್ಷ್ಯ ಕಾರ್ಯಕ್ರಮ ಸರಕಾರಿ ಹೆರಿಗೆ ಕೋಣೆಗಳಲ್ಲಿ ಗೌರವದ ಆರೈಕೆಯನ್ನೂ ಜೊತೆಗೊಬ್ಬರು ಇರುವುದನ್ನೂ ಕೇಳುತ್ತದೆ. ಜೊತೆಗೆ ನಿಂತ ಅಮ್ಮನೋ ಅತ್ತೆಯೋ ಅಕ್ಕನೋ ಸಮಾಧಾನದಿಂದಲೇ ಕೇಳಬಹುದು: "ಡಾಕ್ಟ್ರೇ, ಬಾಯಿ ಎಷ್ಟು ಬಿಟ್ಟಿದೆ? ತಲೆ ಇಳಿದಿದೆಯಾ? ಇವತ್ತೇ ಒಡೆಸಲು ಕಾರಣ ಏನು? ನಾಳೆಯವರೆಗೆ ಕಾದರೆ ತೊಂದರೆ ಉಂಟಾ?" ಉತ್ತರದಲ್ಲಿ ಸೆಂಟಿಮೀಟರ್ ಇರಬೇಕು, ಕಾರಣಕ್ಕೆ ಹೆಸರಿರಬೇಕು.

ಮನೆಯಲ್ಲೇ ತಾನಾಗಿ ನೀರು ಹೋದರೆ ದಾರಿ ಸುಲಭ. ಗಂಟೆ ನೋಡಿಕೊಳ್ಳಿ, ಶುಭ್ರ ಪ್ಯಾಡ್ ಇಟ್ಟು ಬಣ್ಣ ನೋಡಿ, ಆ ಪ್ಯಾಡನ್ನು ಎಸೆಯದೆ ಆಸ್ಪತ್ರೆಗೆ ತನ್ನಿ. ದಿನ ತುಂಬಿದವರಲ್ಲಿ ಹತ್ತರಲ್ಲಿ ಆರು ಮಂದಿಗೆ 24 ಗಂಟೆಯೊಳಗೆ ನೋವು ತಾನೇ ಬರುತ್ತದೆ. ನೀರು ಹಸಿರಾಗಿದ್ದರೆ, ರಕ್ತ ಹೆಚ್ಚಿದ್ದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ಕೆಳಗೆ ಬಳ್ಳಿಯಂಥದ್ದು ತಾಕಿದರೆ 108ಕ್ಕೆ ಕರೆ ಮಾಡಿ. ಬಳ್ಳಿ ತಾಕಿದ್ದರೆ ವಾಹನ ಬರುವವರೆಗೆ ಮಂಡಿಯೂರಿ, ತಲೆ ಕೆಳಗೆ, ಸೊಂಟ ಮೇಲೆ ಇರುವಂತೆ ಮಲಗಿರಬೇಕು.

ಒಡೆಸಿದ ಮೇಲೆ ಬೇರೆ ಆಸ್ಪತ್ರೆಗೆ ಕಳಿಸಬೇಕಾಗಿ ಬಂದರೆ ಡ್ರಿಪ್‌ನಲ್ಲಿ ಆಕ್ಸಿಟೋಸಿನ್ ಓಡುತ್ತಿರುವಂತೆ ಆಂಬುಲೆನ್ಸ್ ಹತ್ತಿಸಬಾರದು. ಎಡ ಮಗ್ಗುಲಿಗೆ ಮಲಗಿಸಿ, ಹೆರಿಗೆ ಗೊತ್ತಿರುವ ನರ್ಸ್ ಒಬ್ಬರು ಜೊತೆಗೆ ಬರಬೇಕು. ಚೀಟಿಯಲ್ಲಿ ಒಡೆಸಿದ ಹೊತ್ತು, ನೀರಿನ ಬಣ್ಣ, ಕೊನೆಯ ಒಳಪರೀಕ್ಷೆಯ ಸೆಂಟಿಮೀಟರ್, ಜೆಲ್ ಅಥವಾ ಮಾತ್ರೆ ಎಷ್ಟು ಮತ್ತು ಯಾವಾಗ, ಡ್ರಿಪ್ ನಿಲ್ಲಿಸಿದ ಹೊತ್ತು, ಕೊನೆಯ ಎದೆಬಡಿತ ಇಷ್ಟು ಬರೆದಿರಬೇಕು. "ನೀರು ಹೋಗಿದೆ, ರೆಫರ್" ಎಂದಷ್ಟೇ ಬರೆದ ಚೀಟಿ ಹಿಡಿದು ಬಂದವಳಿಗೆ ಮುಂದಿನ ಆಸ್ಪತ್ರೆಯಲ್ಲಿ ಎಲ್ಲವನ್ನೂ ಮೊದಲಿನಿಂದ ನೋಡಬೇಕಾಗುತ್ತದೆ, ಅದರಲ್ಲಿ ಮತ್ತೊಂದು ಒಳಪರೀಕ್ಷೆಯೂ ಸೇರಿರುತ್ತದೆ.